ಕ್ವೇಟರ್‌ಮಾಸ್‌ಗೆ ಯಾರೆಲ್ಲ ಋಣಿಗಳು?

ಪ್ರಶ್ನೆ: ಎಕ್ಸ್-ಫೈಲ್ಸ್, ಸ್ಟ್ರೇಂಜರ್ ಥಿಂಗ್ಸ್, ಬ್ಲ್ಯಾಕ್ ಮಿರರ್ ಎಲ್ಲಕ್ಕೂ ಮೂಲ 1950–60ರ ದಶಕದ ಬಿಬಿಸಿ ಧಾರಾವಾಹಿಗಳು ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ಕುತೂಹಲಕ್ಕೆ ಹಳೆಯ ಡಾಕ್ಟರ್ ಹೂ ಒಂದೆರಡು ಕಂತು ನೋಡಿದೆ. ಬಾಗಿಲು ಹಾಕಿದರೆ ಗೋಡೆಯೇ ಅಲ್ಲಾಡುತ್ತದೆ, ರಾಕ್ಷಸರೆಲ್ಲ ರಬ್ಬರ್ ಸೂಟಿನವರು. ಇದರಿಂದ ಇವತ್ತಿನವರು ಕಲಿತದ್ದಾದರೂ ಏನು? ಪ್ರಭಾವ ನಿಜವೋ, ಬ್ರಿಟಿಷರ ಜಂಬವೋ?

ಉತ್ತರ: ಎರಡೂ ಸ್ವಲ್ಪ ಸ್ವಲ್ಪ ಇವೆ. ವಿಡಿಯೊದವರು ಹೆಸರಿಸಿದ ಮೂರರಲ್ಲಿ ಯಾವುದೂ ನೇರವಾಗಿ ಬಿಬಿಸಿಯ ಕೂಸಲ್ಲ. ಎಕ್ಸ್-ಫೈಲ್ಸ್‌ನ ಕ್ರಿಸ್ ಕಾರ್ಟರ್ ತನಗೆ ಸ್ಫೂರ್ತಿ ಎಂದು ಮೊದಲಿನಿಂದ ಹೇಳಿಕೊಂಡು ಬಂದದ್ದು 1970ರ ದಶಕದ ಅಮೆರಿಕನ್ ಸರಣಿ ‘ದ ನೈಟ್ ಸ್ಟಾಕರ್’. ಸ್ಟ್ರೇಂಜರ್ ಥಿಂಗ್ಸ್ ಮಾಡಿದ ಡಫರ್ ಸಹೋದರರ ಮನಸ್ಸು ಇರುವುದು ಎಂಬತ್ತರ ದಶಕದ ಹಾಲಿವುಡ್‌ನಲ್ಲಿ. ಹಾಗೆಂದು ಬ್ರಿಟಿಷ್ ಧಾರಾವಾಹಿಗಳ ಪ್ರಭಾವ ಸುಳ್ಳು ಎನ್ನುವಂತಿಲ್ಲ. ಅದು ಬಂದ ದಾರಿ ಮಾತ್ರ ಸುತ್ತುಬಳಸಿನದು, ಮತ್ತು ಬಂದದ್ದು ನೀವು ನೋಡಿ ನಕ್ಕ ಆ ರಬ್ಬರ್ ಸೂಟು ಅಲ್ಲ. ದುಡ್ಡಿಲ್ಲದೆ, ಜಾಗವಿಲ್ಲದೆ ಕಥೆ ಹೇಳಬೇಕಾಗಿ ಬಂದವರು ಅನಿವಾರ್ಯವಾಗಿ ಕಂಡುಕೊಂಡ ಒಂದು ಕ್ರಮ ಅದು. ಅನ್ಯಗ್ರಹಕ್ಕೆ ನಾವು ಹೋಗುವುದು ಬೇಡ, ಅದೇ ನಮ್ಮ ಬೀದಿಗೆ ಬರಲಿ. ಬಂದೂಕಿನವನು ಬೇಡ, ಯೋಚನೆ ಮಾಡುವವನು ಎದುರಿಸಲಿ.

ಇದು ಗಟ್ಟಿಯಾಗಿ ಕಾಣಿಸಿದ್ದು 1953ರ ಬೇಸಿಗೆಯಲ್ಲಿ. ಟೆಲಿವಿಷನ್ನಿನಲ್ಲಿ ವೈಜ್ಞಾನಿಕ ಕಥೆ ಅದಕ್ಕೂ ಮೊದಲೇ ಇತ್ತು. ಕಾರೆಲ್ ಚಾಪೆಕ್‌ನ ರೋಬಾಟ್ ನಾಟಕ ‘ಆರ್.ಯು.ಆರ್.’ನ ಒಂದು ಭಾಗವನ್ನು ಬಿಬಿಸಿ 1938ರ ಫೆಬ್ರವರಿಯಲ್ಲೇ ತೋರಿಸಿತ್ತು. ಆದರೆ ದೊಡ್ಡವರಿಗೆಂದೇ ಬರೆದ, ಊರೆಲ್ಲ ಮಾತಾಡಿಕೊಂಡ ಧಾರಾವಾಹಿ ಎಂದರೆ ‘ದ ಕ್ವೇಟರ್‌ಮಾಸ್ ಎಕ್ಸ್‌ಪೆರಿಮೆಂಟ್’. ಆರು ಕಂತು, ಜುಲೈ 18ರಿಂದ ಆಗಸ್ಟ್ 22ರವರೆಗೆ, ಶನಿವಾರ ಶನಿವಾರ. ಬರೆದವನು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಬೆಳೆದ ನೈಜಲ್ ನೀಲ್, ನಿರ್ದೇಶಿಸಿದವನು ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ವಿಯೆನ್ನಾದ ರುಡಾಲ್ಫ್ ಕಾರ್ಟಿಯೇ. ಬೇಸಿಗೆಯ ವೇಳಾಪಟ್ಟಿಯಲ್ಲಿ ಬಿದ್ದಿದ್ದ ಒಂದು ತೂತು ಮುಚ್ಚಲು ಬರೆಸಿದ ಕಥೆ ಇದು. ಮೊದಲ ಕಂತು ಪ್ರಸಾರವಾಗುವಾಗ ಕೊನೆಯದನ್ನು ನೀಲ್ ಇನ್ನೂ ಬರೆದು ಮುಗಿಸಿರಲಿಲ್ಲ. ಕಥೆಯ ನಾಯಕನಾದ ವಿಜ್ಞಾನಿಗೆ ಕ್ವೇಟರ್‌ಮಾಸ್ ಎಂಬ ವಿಚಿತ್ರ ಹೆಸರು ಸಿಕ್ಕಿದ್ದು ಲಂಡನ್ನಿನ ಟೆಲಿಫೋನ್ ಡೈರೆಕ್ಟರಿಯಲ್ಲಿ.

ಎಲ್ಲವೂ ನೇರಪ್ರಸಾರ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನ ಬಿಬಿಸಿ ಸ್ಟುಡಿಯೊದಲ್ಲಿ ಇದ್ದದ್ದು 1936ರಲ್ಲಿ ಕೂರಿಸಿದ್ದ ಎಮಿಟ್ರಾನ್ ಕ್ಯಾಮೆರಾಗಳು. ಚಿತ್ರದ ಮೇಲೆ ಅಲ್ಲಲ್ಲಿ ಕಪ್ಪು-ಬಿಳಿ ಮಬ್ಬು ಹರಡುತ್ತಿತ್ತು. ನಟ ಮಾತು ಮರೆತರೆ ಮರೆತದ್ದೇ, ಮತ್ತೊಂದು ಟೇಕ್ ಇಲ್ಲ. ಮೊದಲ ಎರಡು ಕಂತುಗಳನ್ನು ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ದಾಖಲಿಸಿಕೊಂಡರು. ಎರಡನೇ ಕಂತಿನ ನಡುವೆ ಆ ಪರದೆಯ ಮೇಲೆ ಒಂದು ಹುಳ ಬಂದು ಕೂತುಬಿಟ್ಟಿತು. ಉಳಿದಿರುವ ಪ್ರತಿಯಲ್ಲಿ ಇವತ್ತಿಗೂ ಅದನ್ನು ನೋಡಬಹುದು. ಗುಣಮಟ್ಟ ಸರಿಬರಲಿಲ್ಲವೆಂದು ದಾಖಲಿಸುವುದನ್ನೇ ಬಿಟ್ಟರು. ಮಿಕ್ಕ ನಾಲ್ಕು ಕಂತುಗಳು ಆ ಶನಿವಾರಗಳಲ್ಲಿ ನೋಡಿದವರಿಗೆ ಮಾತ್ರ ದಕ್ಕಿದವು.

ಇಷ್ಟು ಬಡತನದಲ್ಲಿ ಬಾಹ್ಯಾಕಾಶ ತೋರಿಸುವುದು ಹೇಗೆ? ನೀಲ್ ಅದಕ್ಕೆ ಕೈಹಾಕಲೇ ಇಲ್ಲ. ಮೂವರನ್ನು ಹೊತ್ತು ಹೋಗಿದ್ದ ರಾಕೆಟ್ ಹಾದಿ ತಪ್ಪಿ, ವಾಪಸು ಬಂದು ಲಂಡನ್ನಿನ ವಿಂಬಲ್ಡನ್‌ನಲ್ಲಿ ಒಂದು ಮನೆಯ ಮೇಲೆ ಬೀಳುತ್ತದೆ. ಬೀದಿಯ ಜನ ಗುಂಪುಗೂಡುತ್ತಾರೆ, ಪೊಲೀಸರು ಬರುತ್ತಾರೆ, ಪತ್ರಕರ್ತರು ಬರುತ್ತಾರೆ. ಬಾಗಿಲು ತೆಗೆದರೆ ಒಳಗಿರುವುದು ಒಬ್ಬನೇ. ಇನ್ನಿಬ್ಬರ ಉಡುಪು ಇದೆ, ಮೈ ಇಲ್ಲ. ಉಳಿದು ಬಂದ ವಿಕ್ಟರ್ ಕ್ಯಾರೂನ್‌ಗೆ ಕಾಣೆಯಾದವರ ನೆನಪು, ಜ್ಞಾನ ಎಲ್ಲ ಬಂದಿರುತ್ತದೆ, ಅವನ ಮೈ ಮಾತ್ರ ನಿಧಾನಕ್ಕೆ ಗಿಡದಂತಾಗುತ್ತಿರುತ್ತದೆ. ಅದೇ ಹೊತ್ತಿಗೆ ಅಮೆರಿಕದ ಟಿವಿಯಲ್ಲಿ ‘ಕ್ಯಾಪ್ಟನ್ ವಿಡಿಯೊ’ ಥರದ ಭವಿಷ್ಯಕಾಲದ ವೀರರು ಮಕ್ಕಳನ್ನು ರಂಜಿಸುತ್ತಿದ್ದರು. ಇಲ್ಲಿ ಮಳೆಕೋಟು ಹಾಕಿಕೊಂಡ ಒಬ್ಬ ನಡುವಯಸ್ಸಿನ ಪ್ರೊಫೆಸರು, ತಾನು ಮೇಲಕ್ಕೆ ಕಳಿಸಿದ ಹುಡುಗರಿಗೆ ಏನಾಯಿತೆಂದು ತನಿಖೆ ಮಾಡುತ್ತಿದ್ದಾನೆ. ಅಲ್ಲಿಗೆ ವೈಜ್ಞಾನಿಕ ಕಥೆ ಪತ್ತೇದಾರಿಯೂ ಆಯಿತು, ದೆವ್ವದ ಕಥೆಯೂ ಆಯಿತು. ನೀವು ಎಕ್ಸ್-ಫೈಲ್ಸ್ ನೋಡಿದ್ದರೆ ಈ ಬೆರಕೆಯ ಪರಿಚಯ ಇದ್ದೇ ಇದೆ.

ಕೊನೆಯ ಕಂತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ವರ್ಷ ಜೂನ್ 2ರಂದು ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ಆಗಿತ್ತು. ಅದನ್ನು ನೋಡಲೆಂದೇ ಎಷ್ಟೋ ಮನೆಗಳಿಗೆ ಮೊದಲ ಬಾರಿ ಟಿವಿ ಬಂದಿತ್ತು. ಮೂರು ತಿಂಗಳೂ ಕಳೆದಿರಲಿಲ್ಲ, ಅದೇ ಪರದೆಯಲ್ಲಿ ಅದೇ ಅಬಿ, ಒಳಗೆ ಗೋಡೆಗೆ ಅಂಟಿಕೊಂಡು ಹಬ್ಬಿರುವ ಒಂದು ಜೀವಿ. ಆ ಜೀವಿ ಎಂದರೆ ನೀಲ್‌ನ ಎರಡು ಕೈ ಅಷ್ಟೆ! ಎಲೆ, ಬಳ್ಳಿ, ಚೂರುಪಾರು ಅಂಟಿಸಿದ ಕೈಗವಸು ತೊಟ್ಟು, ಅಬಿಯ ಒಳಾಂಗಣದ ದೊಡ್ಡದು ಮಾಡಿದ ಫೋಟೊದಲ್ಲಿ ತೂತು ಕೊರೆದು, ಹಿಂದಿನಿಂದ ಬೆರಳು ಆಡಿಸಿದರು. ಜೊತೆಗೆ ನಿಂತು ಕೈಜೋಡಿಸಿದವಳು ಮುಂದೆ ಅವನ ಹೆಂಡತಿಯಾದ ಜೂಡಿತ್ ಕರ್. ಸುಮಾರು 50 ಲಕ್ಷ ಜನ ಅದನ್ನು ನೋಡಿದರು ಎಂಬುದು ಆಗಿನ ಲೆಕ್ಕ.

ಜೀವಿ ಸಾಯುವ ಬಗೆ ಇನ್ನೂ ಮುಖ್ಯ. ಕ್ವೇಟರ್‌ಮಾಸ್ ಅದರ ಮುಂದೆ ನಿಂತು ಮಾತಾಡುತ್ತಾನೆ. ಅದರೊಳಗೆ ಕರಗಿಹೋದ ಮೂವರನ್ನು ಹೆಸರು ಹಿಡಿದು ಕರೆದು, ನಿಮ್ಮಲ್ಲಿ ಉಳಿದಿರುವ ಮನುಷ್ಯತ್ವದಿಂದ ಇದನ್ನು ತಡೆಯಿರಿ ಎಂದು ಬೇಡುತ್ತಾನೆ. ಅವರು ತಡೆಯುತ್ತಾರೆ. ಬಾಂಬು ಸಿಡಿಸಲು ದುಡ್ಡೂ ಇರಲಿಲ್ಲ ಎನ್ನಿ. ಆದರೆ ಮಾತಿನಿಂದಲೇ ಗೆಲ್ಲುವ ವಿಜ್ಞಾನಿ ಎಂಬ ನಾಯಕ ಬ್ರಿಟಿಷ್ ಟಿವಿಗೆ ಸಿಕ್ಕಿದ್ದು ಅಲ್ಲೇ. ಹತ್ತು ವರ್ಷದ ಮೇಲೆ ಹುಟ್ಟಿದ ಡಾಕ್ಟರ್ ಹೂ ಸರಣಿಯ ನಾಯಕ ಡಾಕ್ಟರ್‌ನ ಕೈಯಲ್ಲಿ ಬಂದೂಕು ಇಲ್ಲದಿರುವುದನ್ನು ನೋಡುವಾಗ ನನಗೆ ಈ ದೃಶ್ಯವೇ ನೆನಪಾಗುತ್ತದೆ. 1955ರಲ್ಲಿ ಹ್ಯಾಮರ್ ಕಂಪನಿ ಇದನ್ನೇ ಸಿನಿಮಾ ಮಾಡಿದಾಗ ಅಬಿಯ ಜೀವಿಯನ್ನು ಕರೆಂಟು ಹರಿಸಿ ಸುಟ್ಟರು, ಪ್ರೊಫೆಸರನ ಪಾತ್ರಕ್ಕೆ ಬ್ರಯನ್ ಡಾನ್‌ಲೆವಿ ಎಂಬ ಅಮೆರಿಕನ್ ನಟನನ್ನು ಹಾಕಿದರು. ನೀಲ್‌ಗೆ ಆ ನಟ ಕೊನೆಯವರೆಗೂ ಹಿಡಿಸಲಿಲ್ಲ. ಹಿಡಿಸದಿದ್ದದ್ದು ಸರಿಯಾಗಿಯೇ ಇದೆ ಎಂದು ನನ್ನ ಅಭಿಪ್ರಾಯ.

ಆದರೂ ನಿಮ್ಮ ಪ್ರಶ್ನೆಯ ಮಟ್ಟಿಗೆ ಆ ಸಿನಿಮಾಗಳೇ ಕೊಂಡಿ. ಬಿಬಿಸಿಯ ನೇರಪ್ರಸಾರ ಅಟ್ಲಾಂಟಿಕ್ ದಾಟಲು ಸಾಧ್ಯವೇ ಇರಲಿಲ್ಲ. ದಾಟಿದ್ದು ಹ್ಯಾಮರ್‌ನ ರೀಲುಗಳು, ಅದೂ ಬೇರೆ ಹೆಸರಿನಲ್ಲಿ: ‘ದ ಕ್ರೀಪಿಂಗ್ ಅನ್‌ನೋನ್’, ‘ಎನಿಮಿ ಫ್ರಮ್ ಸ್ಪೇಸ್’, ‘ಫೈವ್ ಮಿಲಿಯನ್ ಇಯರ್ಸ್ ಟು ಅರ್ತ್’. ಇವುಗಳಿಂದ ಕಲಿತ ಅಮೆರಿಕನ್ ನಿರ್ದೇಶಕರಲ್ಲಿ ಜಾನ್ ಕಾರ್ಪೆಂಟರ್ ಮುಖ್ಯ. 1987ರ ‘ಪ್ರಿನ್ಸ್ ಆಫ್ ಡಾರ್ಕ್‌ನೆಸ್’ ಚಿತ್ರಕಥೆಗೆ ಅವನು ಹಾಕಿಕೊಂಡ ಹೆಸರು ಮಾರ್ಟಿನ್ ಕ್ವೇಟರ್‌ಮಾಸ್. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಋಣ ಒಪ್ಪಿಕೊಳ್ಳಲಾರರು. ಸ್ಟ್ರೇಂಜರ್ ಥಿಂಗ್ಸ್ ಕಲಿತದ್ದು ಅದೇ ಕಾರ್ಪೆಂಟರ್‌ನಂಥವರಿಂದ. ಹಾಗಾಗಿ ನೀಲ್ ಆ ಸರಣಿಗೆ ಅಪ್ಪನಲ್ಲ, ಮೊಮ್ಮಗನಿಗೆ ಹೆಸರೂ ಗೊತ್ತಿಲ್ಲದ ಮುತ್ತಜ್ಜ.

ಇನ್ನೆರಡು ಕ್ವೇಟರ್‌ಮಾಸ್ ಧಾರಾವಾಹಿಗಳು 1955ರಲ್ಲಿ ಮತ್ತು 1958–59ರಲ್ಲಿ ಬಂದವು. ಮೂರನೆಯದು, ‘ಕ್ವೇಟರ್‌ಮಾಸ್ ಅಂಡ್ ದ ಪಿಟ್’, ನೀಲ್‌ನ ಅತ್ಯುತ್ತಮ ಕೆಲಸ. ಲಂಡನ್ನಿನ ಹಾಬ್ಸ್ ಲೇನ್‌ನಲ್ಲಿ ಕಟ್ಟಡದ ಪಾಯ ತೋಡುವಾಗ ಪುರಾತನ ತಲೆಬುರುಡೆ ಸಿಗುತ್ತದೆ, ಅದರ ಹತ್ತಿರವೇ ಯುದ್ಧಕಾಲದ ಸಿಡಿಯದ ಬಾಂಬ್ ಎಂದು ಎಲ್ಲರೂ ತಿಳಿದ ಒಂದು ವಸ್ತು. ಅದು ಲಕ್ಷಾಂತರ ವರ್ಷ ಹಿಂದೆ ಮಂಗಳದಿಂದ ಬಂದ ನೌಕೆ. ಆ ಬೀದಿಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ದೆವ್ವದ ಕಥೆಗಳಿಗೂ ನೌಕೆಗೂ ನಂಟಿದೆ. ಮನುಷ್ಯನ ಪೂರ್ವಜರನ್ನು ಮಂಗಳದವರು ತಿದ್ದಿ ಬಿಟ್ಟಿದ್ದಾರೆ, ತಮ್ಮವರಲ್ಲದವರನ್ನು ಬೇಟೆಯಾಡಿ ಕೊಲ್ಲುವ ಅವರ ಚಟ ನಮ್ಮೊಳಗೂ ಉಳಿದಿದೆ. ಈ ಧಾರಾವಾಹಿ ಶುರುವಾಗುವ ಕೆಲವೇ ತಿಂಗಳ ಹಿಂದೆ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಕರಿಯರ ಮೇಲೆ ದೊಂಬಿ ನಡೆದಿತ್ತು. ನೋಡುಗರಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಜನಪದದ ಭೂತಕ್ಕೆ ವೈಜ್ಞಾನಿಕ ಕಾರಣ, ಮುಚ್ಚಿಹಾಕುವ ಮಿಲಿಟರಿ ಅಧಿಕಾರಿ, ನಂಬದ ಸರ್ಕಾರ: ಮುಂದಿನ ನಲವತ್ತು ವರ್ಷದ ಸರಣಿಗಳಿಗೆ ಬೇಕಾದ ಸರಕೆಲ್ಲ ಇಲ್ಲಿತ್ತು. ಎಕ್ಸ್-ಫೈಲ್ಸ್‌ನವರು 1990ರ ದಶಕದಲ್ಲಿ ನೀಲ್‌ಗೆ ಒಂದು ಕಂತು ಬರೆದುಕೊಡಿ ಎಂದು ಕೇಳಿದ್ದೂ ಉಂಟು. ಮುದುಕ ಒಲ್ಲೆ ಎಂದ. ಆ ಸರಣಿಯ ಘೋಷಿತ ಗುರು ಬೇರೆಯವರಾದರೂ ನೀಲ್ ಯಾರೆಂದು ಅವರಿಗೆ ಗೊತ್ತಿತ್ತು ಎನ್ನಲು ಇಷ್ಟು ಸಾಕು.

ಡಾಕ್ಟರ್ ಹೂ ವಿಷಯಕ್ಕೆ ಬರೋಣ. 1963ರ ನವೆಂಬರ್ 23ರಂದು, ಕೆನಡಿ ಹತ್ಯೆಯಾದ ಮರುದಿನ, ಅದರ ಮೊದಲ ಕಂತು ಬಂತು. ಯೋಜನೆ ಕೆನಡಾದಿಂದ ಬಂದ ಸಿಡ್ನಿ ನ್ಯೂಮನ್‌ನದು, ನಿರ್ಮಾಪಕಿ ಇಪ್ಪತ್ತರ ಹರೆಯದ ವೆರಿಟಿ ಲ್ಯಾಂಬರ್ಟ್, ಮೊದಲ ಕಥೆಯ ನಿರ್ದೇಶಕ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಒಬ್ಬ ಪರಕೀಯ, ಒಬ್ಬ ಹೆಂಗಸು, ಒಬ್ಬ ಭಾರತೀಯ. ಆ ಕಾಲದ ಬಿಬಿಸಿ ಕಾರಿಡಾರುಗಳಲ್ಲಿ ಇದೇ ಒಂದು ವೈಜ್ಞಾನಿಕ ಕಲ್ಪನೆಯಂತಿತ್ತು. ಡಾಕ್ಟರ್ ಓಡಾಡುವ ಟಾರ್ಡಿಸ್ ಎಂಬ ಕಾಲಯಂತ್ರದ ಹೊರರೂಪಕ್ಕೆ ಆಗ ಲಂಡನ್ನಿನ ಬೀದಿಬದಿಯಲ್ಲಿ ಇರುತ್ತಿದ್ದ ಪೊಲೀಸ್ ಟೆಲಿಫೋನ್ ಪೆಟ್ಟಿಗೆಯನ್ನು ಆರಿಸಿದರು. ಮತ್ತೆ ಅದೇ ಸೂತ್ರ ನೋಡಿ, ನಿಮ್ಮ ಬೀದಿಯ ವಸ್ತು.

ಕೀಟದಂಥ ಕಣ್ಣಿನ ರಾಕ್ಷಸರು ಬೇಡವೇ ಬೇಡ ಎಂದು ನ್ಯೂಮನ್ ಕಟ್ಟಪ್ಪಣೆ ಮಾಡಿದ್ದ. ಎರಡನೇ ಕಥೆಯಲ್ಲೇ ಡಾಲೆಕ್‌ಗಳು, ಅಂದರೆ ಲೋಹದ ಕವಚದೊಳಗಿನ ಅನ್ಯಗ್ರಹ ಜೀವಿಗಳು, ಬಂದವು, ಟೆರಿ ನೇಷನ್ ಬರೆದದ್ದು, ರೇಮಂಡ್ ಕ್ಯುಸಿಕ್ ವಿನ್ಯಾಸ ಮಾಡಿದ್ದು. ಡಾಲೆಕ್ ಮೊದಲು ಕಾಣಿಸಿಕೊಳ್ಳುವ ದೃಶ್ಯದಲ್ಲಿ ಡಾಲೆಕ್ಕೇ ಇಲ್ಲ! ಕಾರಿಡಾರಿನಲ್ಲಿ ದಾರಿ ತಪ್ಪಿದ ಬಾರ್ಬರಾ ಎಂಬ ಟೀಚರ್ ಗೋಡೆಗೆ ಒರಗಿ ಕಿರುಚುತ್ತಾಳೆ, ಅವಳತ್ತ ಒಂದು ಕೈ ಚಾಚುತ್ತದೆ, ಕಂತು ಮುಗಿಯುತ್ತದೆ. ಆ ಕೈ ಸಿಂಕ್ ಕಟ್ಟಿಕೊಂಡಾಗ ನೀರು ಬಿಡಿಸಲು ಒತ್ತುವ ರಬ್ಬರ್ ಬಟ್ಟಲು. ಒಂದು ವಾರ ಇಡೀ ದೇಶದ ಮಕ್ಕಳು ಅದರ ಹಿಂದೆ ಏನಿದೆ ಎಂದು ಊಹಿಸಿದರು. ತೋರಿಸದೆ ಹೆದರಿಸುವ, ಮುಂದಿನ ವಾರಕ್ಕೆ ನೇತುಹಾಕುವ ಈ ಕಲೆಯನ್ನು ಇವತ್ತಿನ ಒಟಿಟಿ ಬರಹಗಾರರೂ ಬಿಟ್ಟಿಲ್ಲ. ಒಂದೇ ವ್ಯತ್ಯಾಸ, ಈಗ ಮುಂದಿನ ಕಂತು ಹತ್ತು ಸೆಕೆಂಡಿನಲ್ಲಿ ತಾನೇ ಶುರುವಾಗಿಬಿಡುತ್ತದೆ. ಕಾಯುವ ಸುಖ ಹೋಯಿತು.

ನೀಲ್‌ಗೆ ಡಾಕ್ಟರ್ ಹೂ ಕಂಡರಾಗುತ್ತಿರಲಿಲ್ಲ. ಅದಕ್ಕೆ ಬರೆಯಲು ಕರೆದರೂ ಹೋಗಲಿಲ್ಲ. ಆದರೆ ಅವನ ಕಥೆಗಳನ್ನು ಅವರು ಮಾತ್ರ ಧಾರಾಳವಾಗಿ ಬಳಸಿಕೊಂಡರು. 1970ರಲ್ಲಿ ಖರ್ಚು ತಗ್ಗಿಸಲು ಡಾಕ್ಟರ್‌ನನ್ನು ಭೂಮಿಯಲ್ಲೇ ಕಟ್ಟಿಹಾಕಿದಾಗ ಬಂದ ಮೊದಲ ಕಥೆ ‘ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್’: ಉಲ್ಕೆಗಳ ಜೊತೆ ಬೀಳುವ ಅನ್ಯಜೀವಿ, ಅದು ವಶಪಡಿಸಿಕೊಂಡ ಕಾರ್ಖಾನೆ. 1955ರ ‘ಕ್ವೇಟರ್‌ಮಾಸ್ 2’ ನೋಡಿದವರಿಗೆ ಇದು ಹೊಸದಲ್ಲ. ಹೊಸದು ಅಂದರೆ, ಕಾರ್ಖಾನೆಯಲ್ಲಿ ತಯಾರಾದ ಪ್ಲಾಸ್ಟಿಕ್ ಬೊಂಬೆಗಳು ಬಟ್ಟೆ ಅಂಗಡಿಯ ಗಾಜು ಒಡೆದುಕೊಂಡು ಪೇಟೆಬೀದಿಗೆ ಇಳಿಯುವುದು. 2005ರಲ್ಲಿ ರಸೆಲ್ ಟಿ. ಡೇವಿಸ್ ಡಾಕ್ಟರ್ ಹೂಗೆ ಮರುಜೀವ ಕೊಟ್ಟಾಗ ಮೊದಲ ಕಂತು ‘ರೋಸ್’ಗೆ ಆರಿಸಿಕೊಂಡದ್ದು ಅದೇ ಅಂಗಡಿ ಬೊಂಬೆಗಳನ್ನು. 1955, 1970, 2005: ಪ್ರಭಾವ ಹೀಗೆ ಕೈಯಿಂದ ಕೈಗೆ ದಾಟಿದ್ದನ್ನು ತಾರೀಖು ಸಮೇತ ತೋರಿಸಬಹುದಾದ ಉದಾಹರಣೆ ಇಷ್ಟು ಚೊಕ್ಕವಾಗಿ ಸಿಗುವುದು ಅಪರೂಪ. 1988ರ ಒಂದು ಕಥೆಯಲ್ಲಂತೂ, ಬ್ರಿಟಿಷ್ ರಾಕೆಟ್ ಗ್ರೂಪ್‌ನ ಬರ್ನಾರ್ಡ್ ಇಲ್ಲಿ ಇರಬೇಕಿತ್ತು ಎಂದು ಪಾತ್ರಗಳೇ ಮಾತಾಡಿಕೊಳ್ಳುತ್ತವೆ. ಬರ್ನಾರ್ಡ್ ಎಂದರೆ ಕ್ವೇಟರ್‌ಮಾಸ್‌ನ ಮೊದಲ ಹೆಸರು.

‘ರೋಸ್’ ಪ್ರಸಾರವಾದ ಮುಂದಿನ ಶನಿವಾರ, ಏಪ್ರಿಲ್ 2ರಂದು, ಬಿಬಿಸಿ ಫೋರ್ ಹಳೆಯ ಕ್ವೇಟರ್‌ಮಾಸ್ ಎಕ್ಸ್‌ಪೆರಿಮೆಂಟನ್ನು ಮತ್ತೆ ನೇರಪ್ರಸಾರದಲ್ಲೇ ಆಡಿಸಿತು. ಅದರಲ್ಲಿ ಡಾಕ್ಟರ್ ಬ್ರಿಸ್ಕೋ ಪಾತ್ರ ಮಾಡುತ್ತಿದ್ದ ಡೇವಿಡ್ ಟೆನಂಟ್ ಡಾಕ್ಟರ್ ಹೂನ ಮುಂದಿನ ನಾಯಕ ಎಂಬುದು ಆಗ ಒಳಗಿನವರಿಗಷ್ಟೇ ಗೊತ್ತು. ಕ್ವೇಟರ್‌ಮಾಸ್ ಆಗಿದ್ದ ಜೇಸನ್ ಫ್ಲೆಮಿಂಗ್ ಮೊದಲ ಮಾತಿನಲ್ಲಿ ಅವನ ಹೆಸರಿನ ಬದಲು ಡಾಕ್ಟರ್ ಎಂದು ಕರೆದು ಕಿಚಾಯಿಸಿದ. ನೇರಪ್ರಸಾರ, ತಡೆಯುವವರು ಯಾರು?

ಶಬ್ದದ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಗೋಡೆ ಅಲ್ಲಾಡುವುದನ್ನು ನೀವು ನೋಡಿದಿರಿ, ಹಿನ್ನೆಲೆಯನ್ನು ಕೇಳಿದಿರಾ? 1958ರಲ್ಲಿ ಬಿಬಿಸಿ ರೇಡಿಯೊಫೋನಿಕ್ ವರ್ಕ್‌ಶಾಪ್ ಎಂಬ ಪುಟ್ಟ ವಿಭಾಗ ತೆರೆಯಿತು. ಸಿಂಥಸೈಜರ್ ಇಲ್ಲದ ಕಾಲ. ರಾನ್ ಗ್ರೈನರ್ ಬರೆದುಕೊಟ್ಟ ಡಾಕ್ಟರ್ ಹೂ ರಾಗವನ್ನು ಡೀಲಿಯಾ ಡರ್ಬಿಶೈರ್ ಒಂದೊಂದೇ ಸ್ವರವಾಗಿ ಟೇಪಿನಲ್ಲಿ ಹುಟ್ಟಿಸಿ, ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ ಕಟ್ಟಿದಳು. ಟಾರ್ಡಿಸ್ ಏಳುವಾಗಿನ ಆ ಗರಗರ ಸದ್ದು ಬ್ರಯನ್ ಹಾಡ್ಜ್‌ಸನ್ ಪಿಯಾನೊ ತಂತಿಯ ಮೇಲೆ ಬೀಗದಕೈ ಎಳೆದು ಮಾಡಿದ್ದು. ಎಲೆಕ್ಟ್ರಾನಿಕ್ ಸಂಗೀತಗಾರರು ಡರ್ಬಿಶೈರ್ ಹೆಸರನ್ನು ಇವತ್ತು ಭಕ್ತಿಯಿಂದ ಹೇಳುತ್ತಾರೆ. ತೆರೆಯ ಮೇಲೆ ಅವಳ ಹೆಸರು ಬಂದದ್ದು ಮಾತ್ರ 2013ರ ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ. ಅಷ್ಟು ಹೊತ್ತಿಗೆ ಅವಳು ತೀರಿಕೊಂಡು ಹನ್ನೆರಡು ವರ್ಷ ದಾಟಿತ್ತು.

ಅಮೆರಿಕದ ಸರಣಿಗಳಲ್ಲಿ ಕಣ್ಣಿಗೆ ಕಾಣುವ ಬ್ರಿಟಿಷ್ ಗುರುತು ಬೇಕೆಂದರೆ 1990ರ ದಶಕದ ‘ಬ್ಯಾಬಿಲಾನ್ 5’ ನೋಡಿ. ಅದರಲ್ಲಿ ಬೆಸ್ಟರ್ ಎಂಬ ಮನಸ್ಸು ಓದುವ ಪೊಲೀಸ್ ಅಧಿಕಾರಿ ಹೊರಡುವಾಗ ಹೆಬ್ಬೆರಳು-ತೋರುಬೆರಳು ಸೇರಿಸಿ ಕಣ್ಣಿನ ಬಳಿ ಇಟ್ಟು, ಮತ್ತೆ ನೋಡ್ತೀನಿ ಎಂಬರ್ಥದ ಮಾತು ಹೇಳುತ್ತಾನೆ. ಆ ಮಾತು, ಆ ಮುದ್ರೆ ಎರಡೂ 1967–68ರ ‘ದ ಪ್ರಿಸನರ್’ನದು. ಪ್ಯಾಟ್ರಿಕ್ ಮಗೂಹನ್‌ನ ಆ ಹದಿನೇಳು ಕಂತುಗಳಲ್ಲಿ, ಎಲ್ಲರಿಗೂ ನಂಬರ್ ಕೊಟ್ಟು ಸದಾ ಕಣ್ಣಿಟ್ಟಿರುವ ಒಂದು ಸುಂದರ ಊರಿನಲ್ಲಿ ಜನ ಬೀಳ್ಕೊಡುವ ರೀತಿ ಅದು. ಬೆಸ್ಟರ್ ಪಾತ್ರ ಮಾಡಿದವನು ಸ್ಟಾರ್ ಟ್ರೆಕ್‌ನ ಚೆಕೊವ್, ಅಂದರೆ ವಾಲ್ಟರ್ ಕೋನಿಗ್. ಎರಡು ದೇಶದ ಪರಂಪರೆ ಒಬ್ಬನ ಮೈಮೇಲೆ. ಬ್ಯಾಬಿಲಾನ್ 5ರ ಕರ್ತೃ ಸ್ಟ್ರಾಜಿನ್‌ಸ್ಕಿ ‘ಬ್ಲೇಕ್ಸ್ 7’ನ ಅಭಿಮಾನಿಯೂ ಹೌದು. ಡಾಲೆಕ್ ಬರೆದ ಟೆರಿ ನೇಷನ್ನನದೇ ಸರಣಿ, 1978ರಿಂದ 1981. ಸ್ಟಾರ್ ಟ್ರೆಕ್‌ನಲ್ಲಿ ಒಕ್ಕೂಟ ಸಜ್ಜನರದು. ಇಲ್ಲಿ ಒಕ್ಕೂಟವೇ ದಬ್ಬಾಳಿಕೆಗಾರ, ನಾಯಕರು ಅಪರಾಧಿಗಳು, ಒಬ್ಬರನ್ನೊಬ್ಬರು ನಂಬದವರು. ಕೊನೆಯ ಕಂತು ಬಂದದ್ದು ಕ್ರಿಸ್‌ಮಸ್‌ಗೆ ನಾಲ್ಕು ದಿನ ಇರುವಾಗ. ಗುಂಪಿನವನೇ ಆದ ಏವನ್ ತಪ್ಪು ತಿಳಿದು ನಾಯಕ ಬ್ಲೇಕ್‌ನನ್ನೇ ಕೊಲ್ಲುತ್ತಾನೆ, ಜೊತೆಯವರು ಒಬ್ಬೊಬ್ಬರಾಗಿ ಬೀಳುತ್ತಾರೆ, ಸುತ್ತುವರಿದ ಸೈನಿಕರ ನಡುವೆ ಏವನ್ ಬಂದೂಕು ಎತ್ತಿ ನಗುತ್ತಾನೆ, ಪರದೆ ಕಪ್ಪಾದ ಮೇಲೆ ಗುಂಡಿನ ಸದ್ದು. ನಾಯಕರನ್ನೇ ಕೊಲ್ಲುವ ಧೈರ್ಯ ಇತ್ತೀಚಿನ ಸರಣಿಗಳದು ಎನ್ನುವವರಿಗೆ ಇದನ್ನು ತೋರಿಸಬೇಕು.

ಬ್ಲ್ಯಾಕ್ ಮಿರರ್ ಬಗ್ಗೆ ಕೇಳಿದ್ದೀರಿ. ಅದರ ಕರ್ತೃ ಚಾರ್ಲಿ ಬ್ರೂಕರ್ ತನ್ನ ಮಾದರಿಗಳಲ್ಲಿ ಮೊದಲು ಹೆಸರಿಸುವುದು ಅಮೆರಿಕದ ‘ಟ್ವೈಲೈಟ್ ಜೋನ್’. ಆದರೆ ಅದೇ ಮನೋಧರ್ಮದ ನಾಟಕವೊಂದನ್ನು ನೀಲ್ 1968ರಲ್ಲೇ ಬಿಬಿಸಿಗೆ ಬರೆದಿದ್ದ, ಹೆಸರು ‘ದ ಇಯರ್ ಆಫ್ ದ ಸೆಕ್ಸ್ ಒಲಿಂಪಿಕ್ಸ್’. ಜನರನ್ನು ಸದಾ ಪರದೆಯ ಮುಂದೆ ಕೂರಿಸಿ ತಣ್ಣಗಿಡುವ ಸಮಾಜ, ಏನು ತೋರಿಸಿದರೂ ಬೇಜಾರು. ಕೊನೆಗೆ ಒಂದು ಕುಟುಂಬವನ್ನು ದ್ವೀಪದಲ್ಲಿ ಬಿಟ್ಟು ಹಗಲೂರಾತ್ರಿ ಕ್ಯಾಮೆರಾದಲ್ಲಿ ತೋರಿಸುತ್ತಾರೆ. ಅವರ ಸಂಕಟ ನೋಡಿ ನೋಡುಗರು ನಗುತ್ತಾರೆ. 2013ರಿಂದ ಕನ್ನಡದಲ್ಲಿ ಬಿಗ್ ಬಾಸ್ ನೋಡುತ್ತ ಬಂದಿರುವ ನಮಗೆ ಇದು ಹೊಸದಾಗಿ ಕಾಣದೇ ಇರುವುದೇ ಅವನ ಊಹೆಯ ಗಟ್ಟಿತನ. ಹಾಗಂತ ರಿಯಾಲಿಟಿ ಷೋ ಮಾಡಿದವರು ನೀಲ್‌ನಿಂದ ಕದ್ದರು ಎಂದರೆ ತಪ್ಪಾಗುತ್ತದೆ. ಮೊದಲೇ ಊಹಿಸುವುದು ಬೇರೆ, ಪ್ರಭಾವ ಬೀರುವುದು ಬೇರೆ.

ಇದೇ ಎಚ್ಚರ ಸೈಬರ್‌ಮ್ಯಾನ್‌ಗಳ ವಿಷಯದಲ್ಲೂ ಬೇಕು. ಅಂಗಾಂಗಕ್ಕೆಲ್ಲ ಯಂತ್ರ ಜೋಡಿಸಿಕೊಂಡು ಭಾವನೆ ಕಳೆದುಕೊಂಡ ಇವರನ್ನು ಡಾಕ್ಟರ್ ಹೂಗೆ 1966ರಲ್ಲಿ ಕೊಟ್ಟವನು ವೈದ್ಯವಿಜ್ಞಾನಿ ಕಿಟ್ ಪೆಡ್ಲರ್. 1989ರಲ್ಲಿ ಸ್ಟಾರ್ ಟ್ರೆಕ್‌ನಲ್ಲಿ ಬಾರ್ಗ್ ಎಂಬ ಅರ್ಧ ಯಂತ್ರದ ಜೀವಿಗಳು ಬಂದಾಗ ಅಭಿಮಾನಿಗಳು ನಕಲು ಎಂದು ಕೂಗಿದರು. ಹೋಲಿಕೆ ಇದೆ, ಒಪ್ಪೋಣ. ಆದರೆ ಹೃದಯಕ್ಕೆ ಪೇಸ್‌ಮೇಕರ್ ಹಾಕುವ ಕಾಲದಲ್ಲಿ ಇಂಥ ಭಯ ಎರಡು ದೇಶದಲ್ಲಿ ಎರಡು ಸಲ ಹುಟ್ಟುವುದಕ್ಕೆ ಕಳ್ಳತನವೇ ಬೇಕಿಲ್ಲ. ಯಾರಾದರೂ ಹೋಲಿಕೆ ತೋರಿಸಿ ಪ್ರಭಾವ ಎಂದರೆ, ಆ ಬರಹಗಾರ ಅದನ್ನು ನೋಡಿದ್ದನೇ, ಎಲ್ಲಿ ನೋಡಿದ, ಎಲ್ಲಾದರೂ ಹೇಳಿಕೊಂಡಿದ್ದಾನೆಯೇ ಎಂದು ಕೇಳಿ. ಕಾರ್ಪೆಂಟರ್ ಹಾಕಿಕೊಂಡ ಹೆಸರು, ಬೆಸ್ಟರ್‌ನ ಬೆರಳು, ‘ರೋಸ್’ನ ಬೊಂಬೆ ಈ ಪ್ರಶ್ನೆಗಳಿಗೆ ನಿಲ್ಲುತ್ತವೆ. ವಿಡಿಯೊಗಳಲ್ಲಿ ಹೇಳುವ ಬಹುಪಾಲು ಪಟ್ಟಿ ನಿಲ್ಲುವುದಿಲ್ಲ.

ಇನ್ನು ಏನು ನೋಡುವುದು? ಯಾವುದೋ ನಡುವಿನ ಡಾಕ್ಟರ್ ಹೂ ಕಂತಿನಿಂದ ಶುರು ಮಾಡಿದ್ದೇ ನಿಮ್ಮ ತೊಂದರೆ ಇರಬೇಕು. ‘ಕ್ವೇಟರ್‌ಮಾಸ್ ಅಂಡ್ ದ ಪಿಟ್’ ಆರೂ ಕಂತು ಪೂರ್ತಿ ಉಳಿದಿವೆ, ಅದರಿಂದ ಆರಂಭಿಸಿ. 1967ರ ಸಿನಿಮಾ ರೂಪ ಆಮೇಲೆ ನೋಡಿದರೂ ಸಾಕು. ನಂತರ ‘ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್’, ಅದರ ಬೆನ್ನಿಗೇ ‘ರೋಸ್’. 1953ರ ಎಕ್ಸ್‌ಪೆರಿಮೆಂಟ್‌ನ ಉಳಿದ ಎರಡು ಕಂತುಗಳನ್ನು ಕೊನೆಗೆ ಇಟ್ಟುಕೊಳ್ಳಿ, ಮಿಕ್ಕ ನಾಲ್ಕನ್ನು ಓದಲೇಬೇಕೆನಿಸಿದರೆ ನೀಲ್‌ನ ಚಿತ್ರಕಥೆಯನ್ನು ಪೆಂಗ್ವಿನ್‌ನವರು 1959ರಲ್ಲಿ ಪುಸ್ತಕವಾಗಿ ತಂದಿದ್ದಾರೆ, ಹಳೆಯ ಪ್ರತಿಗಳು ಹುಡುಕಿದರೆ ಸಿಗುತ್ತವೆ.